ತಂಗಿಯ ಪಾಳಿ

‘ಅಣ್ಣಾ, ನನ್ ಪಾಳಿ ಯಾವಾಗ ಬರ್ತದ?’

‘ನಾ ಸತ್ತ ಮ್ಯಾಲ.’

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತಿಯ ಕೈ ಗಕ್ಕನೆ ನಿಂತಿತು. ‘ಬಿಡ್ತು ಅನ್ನೋ! ದೀಪ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತದು!’ ನಾನು ‘ಬಿಡ್ತು’ ಅಂದೆ. ಕಣ್ಣು ಮಾತ್ರ ಟಿ.ವಿ. ಬಿಟ್ಟು ಕದಲಲಿಲ್ಲ. ತಂಗಿ ಎರಡನೆಯ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕುಳಿತಳು.

1996ರ ಬೇಸಿಗೆ ರಜೆ ಅದು. ನಾನು ಆರನೆಯ ತರಗತಿ ಮುಗಿಸಿದ್ದೆ, ಅವಳು ಮೂರನೆಯದು. ನಮ್ಮೂರು ಶಹಾಬಾದ. ರಜೆ ಬಂತೆಂದರೆ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಮಾಮಾನ ಮನೆಗೆ ಹೊರಡುತ್ತಿದ್ದೆವು. ಮುಂಬೈ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವುದು ವಾಡಿಯಲ್ಲೇ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಹೋಗುವ ಆ ಹಳಿಯ ಮೇಲೆ ಡ್ಯೂಟಿಗೆ ಹೋಗಿಬರುತ್ತಿದ್ದ ಮಾಮಾ ಆ ವರ್ಷ ಹೈದರಾಬಾದಿನ ಕೋಠಿಯಿಂದ ಒಂದು ವಿಡಿಯೊ ಗೇಮ್ ತಂದಿದ್ದರು. ಜಪಾನಿನ ನಿಂಟೆಂಡೊ ಯಂತ್ರದ ನಕಲು ಅದು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಬರೆದಿತ್ತು. ಒಳಗೆ ಬೇರೆ ಬೇರೆ ಆಟ ಇದ್ದದ್ದು ಬೆರಳಲ್ಲಿ ಎಣಿಸುವಷ್ಟೇ. ನಮಗೆ ಒಂದೇ ಸಾಕಾಗಿತ್ತು: ಮಾರಿಯೊ.

ನಾನೀಗ ಚಿಂಚೋಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಲಿಸುವುದು ಹೇಗೆಂದು ತರಬೇತಿಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಆದರೆ ನನ್ನ ಪಾಠದ ರೀತಿಯನ್ನು ಬದಲಿಸಿದ ಎರಡು ಸಂಗತಿಗಳು ಬಂದದ್ದು ಆ ಕ್ಯಾಸೆಟ್ಟಿನಿಂದ. ಒಂದು ಆ ಆಟದ ಗುಣದಿಂದ, ಇನ್ನೊಂದು ಅದರ ದೋಷದಿಂದ.

ಗುಣದ ಮಾತು ಮೊದಲು. ‘ಸೂಪರ್ ಮಾರಿಯೊ ಬ್ರದರ್ಸ್’ ಜಪಾನಿನಲ್ಲಿ ಹೊರಬಂದದ್ದು 1985ರ ಸೆಪ್ಟೆಂಬರ್ 13ರಂದು. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಅದನ್ನು ರೂಪಿಸಿದವರು, ಕೋಜಿ ಕೊಂಡೊ ಸಂಗೀತ ಕೊಟ್ಟವರು. ಇಡೀ ಆಟ 40 ಕಿಲೊಬೈಟಿನೊಳಗೆ ಕೂತಿದೆ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊ ಅದರ ಹತ್ತಾರು ಪಟ್ಟು ದೊಡ್ಡದಿರುತ್ತದೆ. ನಮಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆಡುವ ಕ್ರಮದ ಪುಸ್ತಕ ಡಬ್ಬಿಯಲ್ಲಿ ಇರಲಿಲ್ಲ. ಮಾಮಾಗೂ ಆಟ ಗೊತ್ತಿರಲಿಲ್ಲ. ಆದರೂ ಅರ್ಧ ಗಂಟೆಯೊಳಗೆ ನಾವಿಬ್ಬರೂ ಆಡುವುದನ್ನು ಕಲಿತಿದ್ದೆವು. ಕಲಿಸಿದವರು ಯಾರು?

ಮೊದಲ ಪರದೆಯನ್ನೇ ನೋಡಿ. ಮಾರಿಯೊ ಎಡಗಡೆ ನಿಂತಿರುತ್ತಾನೆ, ಬಲಗಡೆ ಬಯಲು. ಹೋಗಬೇಕಾದ್ದು ಎತ್ತ ಅಂತ ಯಾರೂ ಹೇಳಬೇಕಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಪ್ರಶ್ನೆಯ ಗುರುತಿದ್ದ ಪೆಟ್ಟಿಗೆ ಮಿಣಮಿಣ ಮಿನುಗುತ್ತದೆ, ಎದುರಿನಿಂದ ಅಣಬೆಯಂಥ ಮುಖದ ಒಂದು ಪ್ರಾಣಿ ಬರುತ್ತದೆ. ಸುಮ್ಮನೆ ನಿಂತರೆ ಸಾವು. ಆದರೆ ಆಟ ಶುರುವಾಗಿ ಕೆಲವೇ ಗಳಿಗೆಯಾಗಿರುವುದರಿಂದ ಕಳೆದುಕೊಂಡದ್ದು ಏನೂ ಇಲ್ಲ. ಎರಡನೆಯ ಸಲ ಹಾರುತ್ತೀರಿ. ಹಾರಿದ್ದು ಸ್ವಲ್ಪ ತಪ್ಪಿ ಅದರ ತಲೆಯ ಮೇಲೆ ಬಿದ್ದರೆ ಅದೇ ಅಪ್ಪಚ್ಚಿ. ಹೀಗೆ ತಪ್ಪಿನಿಂದಲೇ ಒಂದು ವಿದ್ಯೆ ಕೈಗೆ ಬಂತು.

ಮುಂದೆ ಪೆಟ್ಟಿಗೆಯಿಂದ ಒಂದು ನಾಯಿಕೊಡೆ ಹೊರಬರುತ್ತದೆ. ನೋಡಲು ಆ ಶತ್ರುವಿನಂತೆಯೇ ಇದೆ, ಮಕ್ಕಳು ಹೆದರಿ ದೂರ ಸರಿಯುತ್ತಾರೆ. ಅದು ಬಲಕ್ಕೆ ಹೋಗಿ ಕೊಳವೆಗೆ ಬಡಿದು ಹೊರಳಿ ನಮ್ಮ ಕಡೆಗೇ ಬರುತ್ತದೆ. ಹಾರಿ ತಪ್ಪಿಸಿಕೊಳ್ಳೋಣವೆಂದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೇ ಬೀಳುತ್ತೇವೆ. ಮೈ ದೊಡ್ಡದಾಗುತ್ತದೆ. ಓಹೋ, ಇದು ಒಳ್ಳೆಯದು! ಹೆದರಿದ ಮಗುವಿಗೂ ವರ ತಪ್ಪದಂತೆ ಕಟ್ಟಿದ್ದಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಹಂತದ ಕೊನೆಗೆ ಬರುವ ಮೆಟ್ಟಿಲುಗಳು. ಶಹಾಬಾದಿನ ಹುಡುಗನಿಗೆ ಅವು ಖಣಿಯ ಪಕ್ಕ ಪೇರಿಸಿಟ್ಟ ಫರ್ಸಿ ಕಲ್ಲಿನ ಒಟ್ಟಿಲಿನಂತೆಯೇ ಕಂಡಿದ್ದವು. ಎರಡು ಒಟ್ಟಿಲು ಎದುರುಬದುರು, ನಡುವೆ ಗಟ್ಟಿ ನೆಲ. ಒಂದರ ಮೇಲಿನಿಂದ ಇನ್ನೊಂದಕ್ಕೆ ಹಾರಿ ತಪ್ಪಿದರೆ ಕೆಳಗೆ ಬೀಳುತ್ತೇವೆ, ಪುನಃ ಹತ್ತುತ್ತೇವೆ. ಸ್ವಲ್ಪ ಮುಂದೆ ಅಂಥವೇ ಇನ್ನೆರಡು ಒಟ್ಟಿಲು, ಈ ಸಲ ನಡುವೆ ತಗ್ಗು. ಅದೇ ಹಾರುವಿಕೆ, ಅಪಾಯವಿಲ್ಲದ ಕಡೆ ಅಭ್ಯಾಸ ಮಾಡಿಸಿ, ಆಮೇಲೆ ಪರೀಕ್ಷೆ. ಈ ಮೊದಲ ಹಂತವನ್ನು ಅವರು ಕಟ್ಟಿದ್ದು ಮುಂದಿನ ಹಂತಗಳು ಒಂದು ರೂಪಕ್ಕೆ ಬಂದ ಮೇಲಂತೆ. ಎಲ್ಲಿಗೆ ಮುಟ್ಟಬೇಕೆಂದು ಗೊತ್ತಾದ ಮೇಲಷ್ಟೇ ಎಲ್ಲಿಂದ ಹೊರಡಬೇಕೆಂದು ನಿರ್ಧರಿಸಿದರು. ಮಿಯಾಮೊಟೊ ಈ ಮಾತು ಹೇಳಿದ್ದನ್ನು ಓದಿದ ದಿನದಿಂದ ನಾನು ಪಾಠದ ಟಿಪ್ಪಣಿಯಲ್ಲಿ ಮೊದಲ ಲೆಕ್ಕವನ್ನು ಕಡೆಗೆ ಬರೆಯುತ್ತೇನೆ.

ಆರನೆಯ ತರಗತಿಗೆ ಋಣ ಸಂಖ್ಯೆ ಕಲಿಸಬೇಕು. ಮೊದಲೆಲ್ಲ ನಾನು ವ್ಯಾಖ್ಯೆ ಬರೆಸುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಗೊಂದಲಕ್ಕೆ ಬೀಳುತ್ತಿದ್ದರು. ಈಗ ಬೋರ್ಡ್ ಮುಟ್ಟುವುದಿಲ್ಲ. ನಮ್ಮ ಶಾಲೆಯ ಪಡಸಾಲೆಗೂ ಫರ್ಸಿಯೇ ಹಾಸಿದ್ದು. ಒಂದೊಂದು ಕಲ್ಲಿನ ಮೇಲೆ ಚಾಕ್‌ಪೀಸಿನಿಂದ ಸೊನ್ನೆಯಿಂದ ಒಂಬತ್ತರವರೆಗೆ ಬರೆಯುತ್ತೇನೆ. ಸೊನ್ನೆಯ ಎಡಕ್ಕೆ ನಾಲ್ಕು ಕಲ್ಲು ಖಾಲಿ ಬಿಡುತ್ತೇನೆ. ‘ಏಳರ ಮೇಲೆ ನಿಂದ್ರು, ಮೂರು ಹೆಜ್ಜೆ ಹಿಂದಕ್ಕ ಬಾ.’ ಬರುತ್ತದೆ ಮಗು, ನಾಲ್ಕರ ಮೇಲೆ ನಿಲ್ಲುತ್ತದೆ. ಇದೇ ರೀತಿ ನಾಲ್ಕೈದು ಸಲ. ಆಮೇಲೆ, ‘ಮೂರರ ಮೇಲೆ ನಿಂದ್ರು, ಐದು ಹೆಜ್ಜೆ ಹಿಂದಕ್ಕ.’ ಮಗು ಎರಡು, ಒಂದು, ಸೊನ್ನೆ ದಾಟಿ ಖಾಲಿ ಕಲ್ಲಿನ ಮೇಲೆ ನಿಂತು ಕಾಲ ಕೆಳಗೆ ನೋಡಿಕೊಳ್ಳುತ್ತದೆ. ‘ಸರ್, ಇಲ್ಲಿ ಏನೂ ಬರ್ದಿಲ್ರಿ.’ ‘ಏನು ಬರೀಬೇಕು, ನೀನೇ ಹೇಳು.’ ಒಬ್ಬ ಹುಡುಗ ‘ಸಾಲದ ಎರಡು ಸರ್’ ಎಂದ. ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಇನ್ನೂ ಸಿಕ್ಕಿಲ್ಲ.

ಹಿಂದಕ್ಕೆ ನಡೆಯುವ ಈ ಪಾಠ ಮಾರಿಯೊದಲ್ಲಿ ಸಾಧ್ಯವಿಲ್ಲ. ಆ ಪರದೆ ಬಲಕ್ಕೆ ಮಾತ್ರ ಸರಿಯುತ್ತದೆ. ಒಮ್ಮೆ ಎಡಕ್ಕೆ ಮರೆಯಾದ ನಾಣ್ಯ, ನೋಡದೆ ಬಿಟ್ಟ ಕೊಳವೆ, ಎಲ್ಲ ಹೋದವು. ಗಡಿಯಾರ ಬೇರೆ 400ರಿಂದ ಇಳಿಯುತ್ತಿರುತ್ತದೆ. ಅದರ ಒಂದೊಂದು ಅಂಕಿ ಸೆಕೆಂಡಿಗಿಂತ ಬೇಗ ಉರುಳುತ್ತದೆ, ನೂರಕ್ಕಿಂತ ಕೆಳಗೆ ಬಂತೆಂದರೆ ಸಂಗೀತವೂ ಅವಸರ ಮಾಡುತ್ತದೆ. ತಾಳ್ಮೆಯಿಂದ ಹುಡುಕುವ ಮಗುವಿಗೆ ಆ ಆಟದಲ್ಲಿ ಜಾಗ ಕಡಿಮೆ.

ಹಾಗೆ ಹುಡುಕುವವಳು ನನ್ನ ತಂಗಿ. ಮಾಮಾನ ಮನೆಯದು ಕಪ್ಪು-ಬಿಳುಪು ಟಿ.ವಿ. ಪಾಳಿ ಬಾರದೆ ಕೂತಲ್ಲೇ ಕೂತು ನೋಡುತ್ತಿದ್ದ ಅವಳು ಒಂದು ದಿನ ಹೇಳಿದಳು: ‘ಅಣ್ಣಾ, ಮೋಡ ಕೆಳಗ ಬಂದು ಕುಂತದ ನೋಡು.’ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿಜಕ್ಕೂ ಆ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಜಾಗ ಉಳಿಸಲು ಬಣ್ಣ ಮಾತ್ರ ಬೇರೆ ಮಾಡಿದ್ದಾರೆ. ಬಣ್ಣದ ಟಿ.ವಿ.ಯಲ್ಲಿ ವರ್ಷಗಟ್ಟಲೆ ಆಡಿದವರಿಗೂ ಹೊಳೆಯದ ಸಂಗತಿ ಎಂಟು ವರ್ಷದ ಹುಡುಗಿಗೆ ಹೊಳೆದಿತ್ತು. ಮೊದಲ ಹಂತದ ನಾಲ್ಕನೆಯ ಕೊಳವೆಯ ಮೇಲೆ ನಿಂತು ಕೆಳಗಿನ ಗುಂಡಿ ಒತ್ತಿದರೆ 19 ನಾಣ್ಯಗಳ ಕೋಣೆಗೆ ಇಳಿಯಬಹುದೆಂದು ಕಂಡುಹಿಡಿದವಳೂ ಅವಳೇ. ಅವಳಿಗೆ ಸಿಕ್ಕ ಒಂದೆರಡು ನಿಮಿಷದ ಪಾಳಿಯಲ್ಲಿ!

ಆ ಕಪ್ಪು-ಬಿಳುಪು ಟಿ.ವಿ. ಇನ್ನೊಂದು ದೋಷವನ್ನೂ ತೋರಿಸಿಕೊಟ್ಟಿತು. ಆಟದಲ್ಲಿ ಎರಡು ಬಗೆಯ ಆಮೆಗಳಿವೆ. ಹಸಿರು ಆಮೆ ಅಂಚಿಗೆ ಬಂದರೆ ನಡೆದು ಕೆಳಗೆ ಬೀಳುತ್ತದೆ, ಕೆಂಪು ಆಮೆ ಅಂಚಿನಲ್ಲಿ ಹಿಂದಿರುಗುತ್ತದೆ. ಬಣ್ಣ ಬಿಟ್ಟರೆ ಬೇರೆ ಗುರುತಿಲ್ಲ. ನಮಗೆ ಎರಡೂ ಬೂದಿಯೇ. ಯಾವ ಆಮೆ ಏನು ಮಾಡೀತೆಂದು ತಿಳಿಯದೆ ಎಷ್ಟು ಜೀವ ಕಳೆದೆವೋ! ಬಣ್ಣ ಸರಿಯಾಗಿ ಗುರುತಿಸಲಾಗದ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. ಬೋರ್ಡಿನ ಮೇಲೆ ಕೆಂಪು-ಹಸಿರು ಚಾಕ್‌ಪೀಸಿನಿಂದ ಬರೆಯುವಾಗ ಒಂದರ ಕೆಳಗೆ ಗೆರೆ ಎಳೆಯುವುದನ್ನು ನಾನು ಮರೆಯುವುದಿಲ್ಲ.

ಉಳಿದ ದೋಷಗಳನ್ನು ಬೇಗ ಹೇಳಿಬಿಡುತ್ತೇನೆ. ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಹಂತ. ಆದರೆ ಐದನೆಯ ಲೋಕದಿಂದಾಚೆ ಕೆಲವು ಹಂತಗಳು ಹಿಂದಿನವೇ, ಶತ್ರುಗಳು ಮಾತ್ರ ಹೆಚ್ಚು. ಒಳದಾರಿಗಳನ್ನು ಬಲ್ಲವನು ಎಂಟೇ ಹಂತ ಆಡಿ ಕಡೆ ಮುಟ್ಟಬಹುದು. ನಾನದನ್ನು ದೋಷ ಎನ್ನುವುದಿಲ್ಲ, ಹುಡುಕಿದವರಿಗೆ ಸಿಕ್ಕ ಬಹುಮಾನ ಅದು. ಆದರೆ ನಾಲ್ಕನೆಯ ಮತ್ತು ಏಳನೆಯ ಲೋಕದ ಕೋಟೆಗಳನ್ನು ನಾನು ಕ್ಷಮಿಸಲಾರೆ. ಅಲ್ಲಿ ಮೇಲೆ-ಕೆಳಗೆ ದಾರಿಗಳಿವೆ, ತಪ್ಪು ದಾರಿ ಹಿಡಿದರೆ ಅದೇ ಓಣಿ ತಿರುತಿರುಗಿ ಬರುತ್ತದೆ. ಸರಿ ಹೋದಿರೋ ತಪ್ಪಿದಿರೋ, ಸೂಚನೆಯೇ ಇಲ್ಲ. ಮೊದಲ ಪರದೆಯಲ್ಲಿ ಅಷ್ಟು ಅಕ್ಕರೆಯಿಂದ ಕೈಹಿಡಿದು ನಡೆಸಿದವರು ಇಲ್ಲಿ ಕೈಬಿಟ್ಟರು. 1993ರಲ್ಲಿ ಈ ಆಟವನ್ನು ಹೊಸ ಯಂತ್ರಕ್ಕೆ ತಿದ್ದಿ ತಂದಾಗ ಸರಿ ದಾರಿಗೆ ಒಂದು ಸದ್ದು ಸೇರಿಸಿದರು. ತಪ್ಪು ಅವರಿಗೂ ಅರಿವಾಗಿತ್ತು.

ಆಟವನ್ನು ನಡುವೆ ಉಳಿಸಿಡುವ ದಾರಿಯೂ ಹಳೆಯದರಲ್ಲಿ ಇರಲಿಲ್ಲ. ರಜೆ ಮುಗಿದ ಮೇಲೆ ಮಾಮಾ ಆ ಯಂತ್ರವನ್ನು ನಮಗೇ ಕೊಟ್ಟು ಕಳಿಸಿದರು. ಶಹಾಬಾದಿನಲ್ಲಿ ಸಂಜೆಯಾದರೆ ಲೈಟ್ ಹೋಗುತ್ತಿತ್ತು. ಐದನೆಯ ಲೋಕಕ್ಕೆ ಬಂದಿರುತ್ತಿದ್ದೆ, ಟಪ್ಪೆಂದು ಕತ್ತಲು. ಮತ್ತೆ ಮೊದಲಿನಿಂದ. ಎಲ್ಲ ಜೀವ ಹೋಗಿ ಆಟ ಮುಗಿದಾಗಲೂ ಮೊದಲಿನಿಂದಲೇ ಶುರು ಮಾಡುತ್ತಿದ್ದೆವು. ಆದರೆ ಆಗ ‘ಎ’ ಗುಂಡಿ ಹಿಡಿದು ‘ಸ್ಟಾರ್ಟ್’ ಒತ್ತಿದರೆ ಸತ್ತ ಲೋಕದ ಆರಂಭದಿಂದಲೇ ಹೊರಡಬಹುದಿತ್ತು. ಇದು ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ. ಪರದೆಯ ಮೇಲೆ ಎಲ್ಲೂ ಅದನ್ನು ಹೇಳಿಲ್ಲ. ಸಹಾಯ ಇತ್ತು, ಬೇಕಾದವರಿಗೆ ಕಾಣುತ್ತಿರಲಿಲ್ಲ. ನಮ್ಮ ಮಕ್ಕಳಿಗಿರುವ ಎಷ್ಟೋ ವಿದ್ಯಾರ್ಥಿವೇತನಗಳ ಕತೆಯೂ ಇದೇ ಆದ್ದರಿಂದ ಜೂನ್ ತಿಂಗಳಲ್ಲಿ ಅರ್ಜಿಗಳ ವಿವರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸುತ್ತೇನೆ, ತಾಯಂದಿರನ್ನು ಕರೆದು ಓದಿ ಹೇಳುತ್ತೇನೆ.

ಇನ್ನು ದೊಡ್ಡ ದೋಷ. ಇಬ್ಬರು ಆಡುವಾಗ ಮೊದಲನೆಯವರು ಮಾರಿಯೊ, ಎರಡನೆಯವರು ಅವನ ತಮ್ಮ ಲುಯಿಜಿ. ಇಬ್ಬರೂ ಒಟ್ಟಿಗೆ ಆಡುವಂತಿಲ್ಲ. ಮಾರಿಯೊ ಸತ್ತರೆ ಮಾತ್ರ ಲುಯಿಜಿಯ ಪಾಳಿ. ಚೆನ್ನಾಗಿ ಆಡುವವನು ಸಾಯುವುದಿಲ್ಲ, ಹಂತದ ಮೇಲೆ ಹಂತ ಆಡುತ್ತಲೇ ಹೋಗುತ್ತಾನೆ, ಆಡಿದಷ್ಟೂ ಪಳಗುತ್ತಾನೆ. ಕಲಿಯುತ್ತಿರುವವರು ಕಾದು ಕಾದು ರಿಮೋಟ್ ಹಿಡಿದರೆ ಮೊದಲ ತಗ್ಗಿನಲ್ಲೇ ಬಿದ್ದು ಪಾಳಿ ಕಳೆದುಕೊಳ್ಳುತ್ತಾರೆ. ಅಭ್ಯಾಸ ಯಾರಿಗೆ ಬೇಕೋ ಅವರಿಗೆ ಅದು ಸಿಗುವುದಿಲ್ಲ. ಆ ಬೇಸಿಗೆಯಲ್ಲಿ ನಾನು ಆರನೆಯ ಲೋಕ ಮುಟ್ಟಿದೆ. ತಂಗಿ ಮೊದಲನೆಯ ಲೋಕ ದಾಟಲಿಲ್ಲ. ‘ನನಗ ಬರೋದಿಲ್ಲ ಬಿಡಣ್ಣ’ ಎಂದು ಜೂನ್ ಹೊತ್ತಿಗೆ ರಿಮೋಟ್ ಮುಟ್ಟುವುದನ್ನೇ ಬಿಟ್ಟಳು. ಮೋಡವನ್ನೂ ಪೊದೆಯನ್ನೂ ಒಂದೆಂದು ಕಂಡ ಹುಡುಗಿ ಅವಳು.

ನಾನು ಶಿಕ್ಷಕನಾಗಿ ಎಂಟು ವರ್ಷ ಇದೇ ನಿಯಮದಿಂದ ತರಗತಿ ನಡೆಸಿದೆ. ‘ಯಾರು ಹೇಳ್ತೀರಿ?’ ಎಂದು ಕೇಳುತ್ತಿದ್ದೆ, ಮುಂದಿನ ಸಾಲಿನ ಕೈಗಳು ಏಳುತ್ತಿದ್ದವು. ತಪ್ಪು ಹೇಳಿದವರನ್ನು ಕೂರಿಸಿ ‘ಇನ್ನೊಬ್ಬರು?’ ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಭಿನ್ನರಾಶಿಯ ಲೆಕ್ಕ ತಪ್ಪಿ, ನಾನು ಏನೂ ಹೇಳುವ ಮೊದಲೇ ಚಾಕ್‌ಪೀಸನ್ನು ಪಕ್ಕದವಳಿಗೆ ಕೊಟ್ಟು, ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಆ ಕೂರುವ ರೀತಿ ನಾನು ಕಂಡದ್ದೇ ಆಗಿತ್ತು. ಅಂದು ನನಗೆ ಮುಂದೆ ಪಾಠ ಮಾಡಲಾಗಲಿಲ್ಲ.

ಮರುದಿನದಿಂದ ನಿಯಮ ತಿರುವಿದೆ. ತಪ್ಪಿದವರ ಕೈಯಲ್ಲೇ ಚಾಕ್‌ಪೀಸ್ ಉಳಿಯುತ್ತದೆ, ಲೆಕ್ಕ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಅದು ಸರಿಯಾದ ಮೇಲೆ ಮೊದಲಿನ ಲೆಕ್ಕಕ್ಕೆ ಹತ್ತುತ್ತೇವೆ. ಸರಿ ಹೇಳಿದವರು ಚಾಕ್‌ಪೀಸ್ ದಾಟಿಸುತ್ತಾರೆ. ಜಾಣ ಮಕ್ಕಳು ಮೊದಮೊದಲು ಮುನಿಸಿಕೊಂಡರು, ಪಾಠ ನಿಧಾನವಾಯಿತು, ಆ ವರ್ಷ ಕಡೆಯ ಎರಡು ಅಧ್ಯಾಯ ಅವಸರದಲ್ಲಿ ಮುಗಿದವು. ಆದರೂ ಹಳೆಯ ರೀತಿಗೆ ನಾನು ಹಿಂದಿರುಗುವುದಿಲ್ಲ.

ತಂಗಿ ಈಗ ಸೇಡಮ್ಮಿನಲ್ಲಿ ಸಂಸಾರ ಹೂಡಿದ್ದಾಳೆ, ಇಬ್ಬರು ಮಕ್ಕಳು. ಕಳೆದ ದೀಪಾವಳಿಗೆ ಹೋದಾಗ ಅವಳ ಮನೆಯ ಟಿ.ವಿ.ಗೆ ಅದೇ ಹಳೆಯ ಆಟ ಜೋಡಿಸಿದ್ದರು. ಅಳಿಯನಿಗೆ ಹತ್ತು ವರ್ಷ, ಸೊಸೆಗೆ ಆರು. ಅವನು ಮಾರಿಯೊ, ಅವಳು ಲುಯಿಜಿ. ತಂಗಿ ಅಡುಗೆಮನೆಯಿಂದ ಬಂದಳು, ಇಬ್ಬರ ಆಟ ನಿಲ್ಲಿಸಿ ಒಬ್ಬರ ಆಟ ಹಾಕಿದಳು, ಗೋಡೆಯ ಗಡಿಯಾರ ತೋರಿಸಿ ‘ಹತ್ತ್ ಹತ್ತ್ ನಿಮಿಷ’ ಅಂದಳು, ಮೊದಲ ಹತ್ತು ನಿಮಿಷ ಮಗಳಿಗೆ ಕೊಟ್ಟಳು.

ಆ ಆಟ ಇಂದಿಗೂ ಮಕ್ಕಳಿಗೆ ಕೊಡಬೇಕಾದದ್ದೇ. ಕೊಡಿ. ಪಕ್ಕದಲ್ಲಿ ಕೂತುಕೊಳ್ಳಿ, ಆದರೆ ಮೊದಲ ನಾಯಿಕೊಡೆ ಒಳ್ಳೆಯದೋ ಕೆಟ್ಟದ್ದೋ ಹೇಳಬೇಡಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ, ಪಾಳಿಯನ್ನು ಆಟಕ್ಕೆ ಬಿಡದೆ ಗಡಿಯಾರ ನೋಡಿ ನೀವೇ ಹಂಚಿ.