ಇಂದಿನ ಧಮ್ಮ ಚಿಂತನೆ: ಹಿಂದೆ ಉಳಿದವರ ಹೆಜ್ಜೆ





ಮೊನ್ನೆ ನಮ್ಮ ಬಳಗದ ತಮ್ಮನೊಬ್ಬ ಸೂಫಿಯಾ ಖಾನ್ ಎಂಬ ಓಟಗಾರ್ತಿಯ ವಿಡಿಯೊ ಹಾಕಿ, "ಸರ್, ಇವರು ದೇಶಾನೇ ಓಡಿ ದಾಟಿದಾರೆ. ಇದರಲ್ಲಿ ನಮಗೆ ಧಮ್ಮ ಏನಾದ್ರೂ ಸಿಗುತ್ತಾ?" ಎಂದು ಕೇಳಿದ್ದ. ಇಂದಿನ ಚಿಂತನೆ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಅಜ್ಮೇರಿನ ಈ ಹೆಣ್ಣುಮಗಳು 2019ರಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸುಮಾರು 4,000 ಕಿ.ಮೀ. ದೂರವನ್ನು 87 ದಿನಗಳಲ್ಲಿ ಓಡಿ ಮುಗಿಸಿದರು. ಮುಂದೆ 2020ರ ಡಿಸೆಂಬರ್‌ನಲ್ಲಿ ಹೊರಟು ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸುತ್ತುವ ಸುವರ್ಣ ಚತುಷ್ಕೋನ ಹೆದ್ದಾರಿಯ 6,002 ಕಿ.ಮೀ. ಅನ್ನು 110 ದಿನಗಳಲ್ಲಿ ಪೂರೈಸಿದರು. ಆ ಹೆದ್ದಾರಿ ಬೇರೆಲ್ಲೂ ಅಲ್ಲ, ನಮ್ಮ ದಾವಣಗೆರೆಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಓಡಿದ್ದು ಅವರ ಕಾಲುಗಳೇ, ನಿಜ. ಆದರೆ ನೀರು, ಊಟ, ರಾತ್ರಿ ತಂಗುವ ಜಾಗ ನೋಡಿಕೊಳ್ಳಲು ಜೊತೆಯಲ್ಲೊಂದು ಚಿಕ್ಕ ತಂಡವಿತ್ತು. ವಿಡಿಯೊ ನೋಡಿದಾಗ ನನ್ನ ಕಣ್ಣು ಆ ತಂಡದ ಮೇಲೇ ನಿಂತಿತು. ಅದಕ್ಕೊಂದು ಕಾರಣವಿದೆ.

*ನಮ್ಮ ಆರು ದಿನಗಳ ಓಟ*

ಪಿಯುಸಿ ಓದುವಾಗ ನಾವು ನಾಲ್ವರು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಒಂದೇ ರೂಮಿನವರು. ನಾನು ನ್ಯಾಮತಿ ಕಡೆಯವನು. ಉಳಿದವರು ಹೊನ್ನಾಳಿ, ಚನ್ನಗಿರಿ, ಜಗಳೂರಿನವರು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು, ಇವತ್ತಿಗೂ ಹಾಗೇ. ನಾನು ಮೇಷ್ಟ್ರಾದೆ. ಹೊನ್ನಾಳಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಚನ್ನಗಿರಿ ಬಸ್ ಕಂಡಕ್ಟರ್. ಜಗಳೂರು ಮಾತ್ರ ಪಿಯುಸಿಯಲ್ಲಿ ಫೇಲಾಗಿ ಊರಿಗೆ ಹೋದವನು ಗಾರೆ ಕೆಲಸಕ್ಕೆ ನಿಂತ.

ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ನಮಗೊಂದು ಹುಕಿ ಬಂತು. ದೇಶ ದಾಟುವ ಶಕ್ತಿ ನಮಗೆಲ್ಲಿ? ನಮ್ಮ ನಾಲ್ಕು ಊರುಗಳನ್ನಾದರೂ ಓಡುತ್ತ, ನಡೆಯುತ್ತ ದಾಟೋಣ. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆದ ಅಕ್ಟೋಬರ್ 14ರ ದಿನ ಜಗಳೂರು ಮುಟ್ಟಿ ವಂದನೆ ಸಲ್ಲಿಸೋಣ ಎಂದುಕೊಂಡೆವು. ನ್ಯಾಮತಿಯಿಂದ ಹೊನ್ನಾಳಿ, ಅಲ್ಲಿಂದ ಚನ್ನಗಿರಿ, ಸಂತೆಬೆನ್ನೂರು, ದಾವಣಗೆರೆ, ಜಗಳೂರು. ಒಟ್ಟು ಆರು ದಿನ.

ಮೊದಲ ದಿನಗಳು ಚೆನ್ನಾಗಿದ್ದವು. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಹರಿಯುತ್ತಿದ್ದಳು, ಆಚೀಚೆ ಹಸಿರು ಭತ್ತದ ಗದ್ದೆ. ಚನ್ನಗಿರಿ ಸೀಮೆಗೆ ಬಂದರೆ ಗಾಳಿಯಲ್ಲೆಲ್ಲ ಅಡಿಕೆ ಬೇಯಿಸುವ ಒಗರು ವಾಸನೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಓಟ, ಬಿಸಿಲೇರಿದ ಮೇಲೆ ನಡಿಗೆ.

ತೊಂದರೆ ಶುರುವಾದದ್ದು ನಾಲ್ಕನೇ ದಿನ. ಜಗಳೂರು ಈ ಓಟಕ್ಕೆಂದೇ ಹೊಸ ಕ್ಯಾನ್ವಾಸ್ ಶೂ ಕೊಂಡಿದ್ದ. ಅದು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅವನು ಕುಂಟುತ್ತ ಹಿಂದೆ ಬೀಳತೊಡಗಿದ. ನಮಗೋ ಹೊತ್ತಿನೊಳಗೆ ತಂಗುವ ಊರು ಸೇರುವ ಆತುರ. "ನಿಧಾನಕ್ಕೆ ಬಾರಪ್ಪ, ಮುಂದಿನ ಸ್ಟಾಪಲ್ಲಿ ಕಾಯ್ತೀವಿ" ಎಂದು ಹೇಳಿ ಮೂವರೂ ಮುಂದೆ ಓಡಿದೆವು. ಹಾಗೆ ಹೇಳಿದವನು ನಾನೇ. ನೀರಿನ ಬಾಟಲಿಗಳಿದ್ದ ಚೀಲವೂ ನನ್ನ ಬೆನ್ನ ಮೇಲೇ ಇತ್ತು.

ಅವನು ಬಂದು ಸೇರಿದ್ದು ಎರಡು ಗಂಟೆ ತಡವಾಗಿ. ಏನೂ ಹೇಳಲಿಲ್ಲ. ರಾತ್ರಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಾಗ ಹೇಳಿದ. ದಾರಿಯಲ್ಲಿ ಬಾಯಾರಿ ಒಂದು ಮನೆಯ ಮುಂದೆ ನೀರು ಕೇಳಿದನಂತೆ. ಒಳಗಿನಿಂದ ಬಂದವರು ಯಾವೂರು ಎಂದು ಕೇಳಿದರು. ಆಮೇಲೆ ಯಾರ ಪೈಕಿ ಎಂದು ಕೇಳಿದರು. ಇವನು ಸುಳ್ಳು ಹೇಳಲಿಲ್ಲ. ಕೈಗೆ ಬರಬೇಕಾಗಿದ್ದ ಲೋಟ ಒಳಕ್ಕೆ ಹೋಯಿತು. ಚೊಂಬು ತಂದು, ಬೊಗಸೆ ಒಡ್ಡು ಎಂದು ಮೇಲಿನಿಂದ ನೀರು ಹೊಯ್ದರು.

"ಕುಡಿದೆಯಾ?" ಅಂದ ಹೊನ್ನಾಳಿ.

"ಕುಡಿದೆ. ನೀವಿದ್ದಿದ್ರೆ ಕುಡೀತಿರ್ಲಿಲ್ಲ ಕಣ್ರಪ್ಪ."

ಚನ್ನಗಿರಿ ಎದ್ದು ನಿಂತ. ಈಗಲೇ ಠಾಣೆಗೆ ಹೋಗೋಣ, ದೂರು ಕೊಡೋಣ ಎಂದ. ಅವನು ಹೇಳಿದ್ದು ತಪ್ಪಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ, ಅದರ ಆಚರಣೆ ಶಿಕ್ಷಾರ್ಹ ಅಪರಾಧ. ಅಂದು ದೂರು ಕೊಡಬೇಕಿತ್ತೆಂದೇ ನಾನು ಇಂದಿಗೂ ಭಾವಿಸುತ್ತೇನೆ. ಆದರೆ ನೋವುಂಡವನು ಅವನು. ಅವನು ಅಂದದ್ದಿಷ್ಟೇ: "ಅದು ಆಮೇಲೆ ನೋಡೋಣ. ನಾಳೆ ನನ್ನ ಜೊತೆ ನಡೀರಿ, ಸಾಕು."

*ಹಾಲು ಮತ್ತು ನೀರು*

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ಮಜ್ಝಿಮ ನಿಕಾಯದ ಚೂಳಗೋಸಿಂಗ ಸುತ್ತ. ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಖುಗಳು ಒಂದು ಸಾಲವನದಲ್ಲಿದ್ದರು. ಭಗವಾನರು ಅವರನ್ನು ಕಾಣಲು ಹೋಗಿ, ಹಾಲೂ ನೀರೂ ಬೆರೆತ ಹಾಗೆ ಹೊಂದಿಕೊಂಡಿದ್ದೀರಾ ಎಂದು ವಿಚಾರಿಸುತ್ತಾರೆ. ಹೌದು ಎಂದಾಗ, ಹೇಗೆ ಎಂದು ಕೇಳುತ್ತಾರೆ.

ಅವರ ಉತ್ತರದಲ್ಲಿ ದಿನದ ಕೆಲಸವೂ ಬರುತ್ತದೆ. ಭಿಕ್ಷೆ ಮುಗಿಸಿ ಮೊದಲು ಬಂದವರು ಆಸನ ಹಾಸಿ, ಕುಡಿಯುವ ನೀರು, ಕಾಲು ತೊಳೆಯುವ ನೀರು ಇಡುತ್ತಾರೆ. ಕೊನೆಗೆ ಬಂದವರಿಗೆ ಊಟ ಉಳಿದಿರುತ್ತದೆ. ಅವರು ಉಂಡು ಜಾಗ ಗುಡಿಸಿ ಎಲ್ಲ ಎತ್ತಿಡುತ್ತಾರೆ. ಕೊಡ ಖಾಲಿಯಾದದ್ದನ್ನು ಯಾರು ಕಂಡರೋ ಅವರೇ ತುಂಬುತ್ತಾರೆ. ಒಬ್ಬರಿಗೆ ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುತ್ತಾರೆ. ಐದು ದಿನಕ್ಕೊಮ್ಮೆ ರಾತ್ರಿಯೆಲ್ಲ ಕೂತು ಧಮ್ಮ ಚರ್ಚೆ ಮಾಡುತ್ತಾರೆ. ನನ್ನ ಇಷ್ಟವನ್ನು ಬದಿಗಿಟ್ಟು ಇವರ ಇಷ್ಟದಂತೆ ಏಕೆ ನಡೆಯಬಾರದು ಎಂದು ಪ್ರತಿಯೊಬ್ಬರೂ ಯೋಚಿಸುತ್ತಾರೆ.

ಮೊದಲು ತಲುಪಿದವರ ಕೆಲಸ ಹಿಂದೆ ಬರುವವರಿಗೆ ನೀರು ಇಡುವುದು. ನಾನು ಮೊದಲು ತಲುಪಿದ್ದೆ, ನೀರಿನ ಚೀಲವನ್ನೂ ಹೊತ್ತುಕೊಂಡು ಹೋಗಿದ್ದೆ.

*ಉಪಾಲಿ ಮೊದಲಾದದ್ದು*

ಈ ಅನುರುದ್ಧ, ಕಿಂಬಿಲರ ಇನ್ನೊಂದು ಪ್ರಸಂಗ ವಿನಯಪಿಟಕದಲ್ಲಿದೆ. ಶಾಕ್ಯ ಕುಲದ ಗೆಳೆಯರೆಲ್ಲ ಸೇರಿ ಸಂಘ ಸೇರಲು ಹೊರಟಾಗ ಅವರ ಜೊತೆ ಕ್ಷೌರಿಕ ಉಪಾಲಿಯೂ ಇದ್ದ. ಗಡಿ ದಾಟಿದ ಮೇಲೆ ತಮ್ಮ ಒಡವೆಗಳನ್ನೆಲ್ಲ ಅವನಿಗೆ ಕೊಟ್ಟು, ನಿನ್ನ ಜೀವನಕ್ಕಿಷ್ಟು ಸಾಕು, ಹಿಂದಕ್ಕೆ ಹೋಗು ಎಂದರು. ಉಪಾಲಿ ಸ್ವಲ್ಪ ದೂರ ಹೋಗಿ ಒಡವೆಯ ಗಂಟನ್ನು ಮರಕ್ಕೆ ನೇತುಹಾಕಿ, ತಿರುಗಿ ಬಂದು ಅವರ ಹಿಂದೆಯೇ ಹೊರಟ. ಭಗವಾನರ ಬಳಿ ಬಂದಾಗ ಆ ಶಾಕ್ಯರೇ ಕೇಳಿಕೊಂಡರು: ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಅವನಿಗೆ ನಾವು ನಮಸ್ಕರಿಸುವಂತಾಗಲಿ, ನಮ್ಮ ಕುಲದ ಅಹಂಕಾರ ಇಳಿಯಲಿ ಎಂದು. ಹಾಗೆಯೇ ಆಯಿತು. ಹಿಂದಕ್ಕೆ ಕಳುಹಿಸಲ್ಪಟ್ಟವನು ಸಂಘದಲ್ಲಿ ಅವರಿಗಿಂತ ಹಿರಿಯನಾದ. ಮುಂದೆ ವಿನಯದಲ್ಲಿ ಅಗ್ರಗಣ್ಯನೆನಿಸಿಕೊಂಡ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಉಪಾಲಿಯ ಕಥೆಗೆ ಜಾಗ ಕೊಟ್ಟಿದ್ದಾರೆ.

ಮರುದಿನ ಬೆಳಿಗ್ಗೆ ನಾವು ಜಗಳೂರನ್ನು ಮುಂದೆ ಬಿಟ್ಟೆವು. ಅವನು ನನ್ನ ಹವಾಯಿ ಚಪ್ಪಲಿ ಹಾಕಿಕೊಂಡ. ಅವನು ನಿಂತಲ್ಲಿ ನಾವು ನಿಂತೆವು, ಅವನು ಕೂತಲ್ಲಿ ಕೂತೆವು. ದಾವಣಗೆರೆ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಉಳಿದ ಅರ್ಧದಲ್ಲಿ ಲಾರಿಗಳಿಗೆ ದಾರಿ ಬಿಡುತ್ತ ಒಬ್ಬರ ಹಿಂದೊಬ್ಬರು ನಡೆದೆವು. ಬಾಯಾರಿದಾಗ ನಾಲ್ವರೂ ಒಟ್ಟಿಗೆ ಹೋಗಿ ನೀರು ಕೇಳಿದೆವು. ಜಗಳೂರು ಮುಟ್ಟುವಾಗ ಕತ್ತಲಾಗಿತ್ತು. ಸಂಜೆ ಐದಕ್ಕೆ ಇಟ್ಟುಕೊಂಡಿದ್ದ ವಂದನೆ ಎಂಟೂವರೆಗೆ ನಡೆಯಿತು. ಕೇರಿಯ ಜನ ಕಾದಿದ್ದರು, ಮಕ್ಕಳು ಅಲ್ಲಲ್ಲೇ ನಿದ್ದೆ ಹೋಗಿದ್ದರು.

*ಒಂದು ಸಂದೇಹ*

ಇಲ್ಲಿ ಯಾರಾದರೂ ಕೇಳಬಹುದು: ಭಗವಾನರು ಮೊದಲ 60 ಅರಹಂತರನ್ನು ಬಹುಜನ ಹಿತಕ್ಕಾಗಿ ಕಳುಹಿಸುವಾಗ ಒಂದೇ ದಾರಿಯಲ್ಲಿ ಇಬ್ಬರು ಹೋಗಬೇಡಿ ಎಂದಿದ್ದರಲ್ಲ? ನಿಜ. ಆದರೆ ಅವರು ಬಂಧನ ಕಳಚಿದವರು. ಹೆಚ್ಚು ಜನರಿಗೆ ಧಮ್ಮ ತಲುಪಲಿ ಎಂದು ಬೇರೆ ಬೇರೆ ದಾರಿ ಹಿಡಿದರೇ ಹೊರತು ಯಾರನ್ನೂ ಬಿಟ್ಟು ಮುಂದೆ ಹೋಗಲಿಲ್ಲ. ಇನ್ನೂ ಕಲಿಯುತ್ತಿದ್ದ ಮೇಘಿಯ ಎಂಬ ಭಿಕ್ಖು, ಇನ್ನೊಬ್ಬರು ಬರುವವರೆಗೆ ಕಾಯಿ ಎಂದರೂ ಕೇಳದೆ ಒಬ್ಬನೇ ಮಾವಿನ ತೋಪಿಗೆ ಹೋಗಿ ಮನಸ್ಸು ಕೆಡಿಸಿಕೊಂಡು ಮರಳಿದಾಗ, ಭಗವಾನರು ಮೊದಲು ಹೇಳಿದ ಮದ್ದು ಕಲ್ಯಾಣಮಿತ್ರರ ಸಂಗ. ಒಳ್ಳೆಯ ಗೆಳೆತನ ಈ ಮಾರ್ಗದ ಅರ್ಧ ಭಾಗವಲ್ಲವೇ ಎಂದು ಆನಂದರು ಕೇಳಿದಾಗಲೂ, ಅರ್ಧವಲ್ಲ, ಪೂರ್ತಿ ಅದೇ ಎಂದು ತಿದ್ದಿದರು.

ನಮಗೆ ಇದು ಬರೀ ಸುತ್ತದ ಮಾತಲ್ಲ. 1901ರಲ್ಲಿ ಬಾಲಕ ಭೀಮರಾವ್ ಮನೆಯ ಮಕ್ಕಳ ಜೊತೆ ತಂದೆಯನ್ನು ಕಾಣಲು ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆಯಬೇಕಾಯಿತು. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಆ ರಾತ್ರಿಯನ್ನು ಆ ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡೇ ಕಳೆದಿರಬೇಕು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ತಾನು ಫ್ರಾನ್ಸ್ ಕ್ರಾಂತಿಯಿಂದಲ್ಲ, ಬುದ್ಧರಿಂದ ಪಡೆದೆ ಎಂದು ಅವರು 1954ರಲ್ಲಿ ಆಕಾಶವಾಣಿ ಭಾಷಣದಲ್ಲಿ ಹೇಳಿದರು. ಬಂಧುತ್ವ ಅವರಿಗೆ ಪುಸ್ತಕದಲ್ಲಿ ಸಿಕ್ಕ ಪದವಾಗಿರಲಿಲ್ಲ.

*ನಮ್ಮ ಆತ್ಮಾವಲೋಕನಕ್ಕೆ*

ಬಂಧುಗಳೇ, ನನ್ನನ್ನು ಇಂದಿಗೂ ಚುಚ್ಚುವುದು ಆ ಎರಡು ಗಂಟೆ ಮಾತ್ರವಲ್ಲ. ಪಿಯುಸಿ ಫಲಿತಾಂಶ ಬಂದ ದಿನ ಜಗಳೂರು ಟ್ರಂಕು ಹೊತ್ತು ಬಸ್ ಹತ್ತಿದಾಗಲೂ ನಾನು ಇದೇ ಮಾತು ಹೇಳಿದ್ದೆ: "ಸಪ್ಲಿಮೆಂಟರಿ ಕಟ್ಟು, ಮುಂದೆ ಸಿಗ್ತೀವಿ." ಪರೀಕ್ಷೆಗೆ ಕಟ್ಟಲು ಅವನ ಬಳಿ ದುಡ್ಡಿದೆಯಾ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ನೌಕರಿ ಸಿಕ್ಕಿತು, ಪೇಟೆಯಲ್ಲಿ ಮನೆಯಾಯಿತು, ನಾವು ಮುಂದೆ ಓಡಿದೆವು. ಕೇರಿಯಲ್ಲಿ ಉಳಿದವರನ್ನು ಯಾರ ಪೈಕಿ ಎಂದು ಕೇಳುವವರು ಇನ್ನೂ ಇದ್ದಾರೆ. ಆ ಹೊತ್ತಿನಲ್ಲಿ ಅವರು ಒಬ್ಬರೇ ಇರುತ್ತಾರೆ.

ಆದ್ದರಿಂದ ಈ ವಾರಕ್ಕೆ ಒಂದೇ ಅಭ್ಯಾಸ. ನಿಮ್ಮ ಜೊತೆ ಹೊರಟು ಹಿಂದೆ ಉಳಿದ ಒಬ್ಬರನ್ನು ನೆನಪಿಸಿಕೊಳ್ಳಿ. ಫೋನ್ ಮಾಡಿ, ಆದರೆ ಹೋಗಿಯೇ ಕಾಣಿ. ಉಪದೇಶ ಬೇಡ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಸ್ವಲ್ಪ ದೂರ ನಡೆಯಿರಿ. ಅವರ ಮಗುವಿನ ಫೀಸಿರಬಹುದು, ಕಚೇರಿಯ ಅರ್ಜಿಯಿರಬಹುದು, ಠಾಣೆಗೆ ಜೊತೆಗೆ ಹೋಗುವುದಿರಬಹುದು. ಏನು ಬೇಕೆಂದು ಅವರೇ ಹೇಳಲಿ.

ಭಾನುವಾರದ ವಂದನೆಯ ನಂತರ ಚರ್ಚೆಗೆ ಪ್ರಶ್ನೆ: ಅಂದು ರಾತ್ರಿ ನಾವು ದೂರು ಕೊಡಬೇಕಿತ್ತೇ, ಅಥವಾ ಗೆಳೆಯನ ಮಾತು ಕೇಳಿದ್ದು ಸರಿಯೇ? ಜಗಳೂರು ಈಗ ಇದೇ ಬಳಗದಲ್ಲಿದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಓದಿ ನೋಡಿ ಅವನು ಸೇರಿಸಲು ಹೇಳಿದ್ದು ಒಂದೇ ಸಾಲು: ಮುಂದಿನ ಸಲ ನೀರಿನ ಚೀಲ ಅವನ ಹತ್ತಿರವೇ ಇರಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏
ಜೈ ಭೀಮ್