ಒಂದು ನಿಮಿಷದ ಪ್ರಶ್ನೆಗೆ ಒಂದು ಪೂರ್ಣ ಅವಧಿ: ಸ್ಪರ್ಧಾ ಪರೀಕ್ಷೆಯ ಗಣಿತ ಸಮಸ್ಯೆಯ ಮಾದರಿ ಪಾಠ

ತರಗತಿ: 8
ಅವಧಿ: 40 ನಿಮಿಷ
ವಿಷಯಾಂಶ: ಜೋಡಿಗಳ ಎಣಿಕೆ
ಪೂರ್ವಜ್ಞಾನ: ಪಟ್ಟಿ ಮಾಡುವುದು, ಗುಣಾಕಾರ, ಬಹುಭುಜಾಕೃತಿಯ ಬಾಹು ಮತ್ತು ಕರ್ಣ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳು ಬರೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಓದಿನಲ್ಲಿ ಹಿಂದೆ ಬೀಳದಿದ್ದರೆ 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು 48,000 ರೂಪಾಯಿ. ಕೂಲಿಯನ್ನೇ ನಂಬಿದ ಮನೆಯಲ್ಲಿ ಮಗಳನ್ನು ಕಾಲೇಜಿಗೆ ಕಳುಹಿಸಬೇಕೋ ಬೇಡವೋ ಎಂಬ ಮಾತು ಬಂದಾಗ ಇದು ಸಣ್ಣ ಹಣವಲ್ಲ. ಈ ಪರೀಕ್ಷೆಯ ಎರಡೂ ಪತ್ರಿಕೆಗಳಲ್ಲಿ 90 ಪ್ರಶ್ನೆಗಳಿಗೆ 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ.

ಈ ಒಂದು ನಿಮಿಷದ ಭಯದಿಂದಲೇ ನಮ್ಮ ಪ್ರಶಿಕ್ಷಣಾರ್ಥಿಗಳು ತರಗತಿಯಲ್ಲೂ ಆತುರ ಮಾಡುತ್ತಾರೆ. ಪ್ರಶ್ನೆ ಓದಿ, ಸೂತ್ರ ಬರೆದು, ಉತ್ತರಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅದೇ ಲೆಕ್ಕ ಬೇರೆ ವೇಷದಲ್ಲಿ ಬಂದಾಗ ಮಗು ತಬ್ಬಿಬ್ಬಾಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಒಂದು ನಿಮಿಷ ಸಾಕಾಗಬೇಕಾದರೆ, ಅಂಥ ಒಂದು ಪ್ರಶ್ನೆಗೆ ತರಗತಿಯಲ್ಲಿ ನಲವತ್ತು ನಿಮಿಷ ಕೊಟ್ಟಿರಬೇಕು. ಅದು ಹೇಗೆಂಬುದಕ್ಕೆ ಈ ಪಾಠ.

ಸಮಸ್ಯೆ

ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಕಬಡ್ಡಿ ತಂಡಗಳು ಲೀಗ್ ಪಂದ್ಯಾವಳಿಯಲ್ಲಿ ಸೇರಿವೆ. ಪ್ರತಿ ತಂಡವೂ ಉಳಿದ ಎಲ್ಲ ತಂಡಗಳೊಂದಿಗೆ ಒಂದೊಂದು ಬಾರಿ ಆಡುತ್ತದೆ. ಒಟ್ಟು ಪಂದ್ಯಗಳೆಷ್ಟು?
(ಎ) 36 (ಬಿ) 30 (ಸಿ) 21 (ಡಿ) 15

ಹಂತ 1: ಅರ್ಥ ಮಾಡಿಕೊಳ್ಳುವುದು (5 ನಿಮಿಷ)

ಆಯ್ಕೆಗಳನ್ನು ಹಲಗೆಯ ಮೇಲೆ ಬರೆಯಬೇಡಿ. ಸಮಸ್ಯೆಯನ್ನು ಇಬ್ಬರು ಮಕ್ಕಳಿಂದ ಅವರದೇ ಮಾತಿನಲ್ಲಿ ಹೇಳಿಸಿ. "ಹಿರಿಯೂರು ಹೊಸದುರ್ಗದ ಮೇಲೆ ಆಡಿತು. ಹೊಸದುರ್ಗ ಹಿರಿಯೂರಿನ ಮೇಲೆ ಇನ್ನೊಮ್ಮೆ ಆಡಬೇಕೇ?" ಎಂದು ಕೇಳಿ. ಪಾಠದ ತಿರುಳು ಈ ಪ್ರಶ್ನೆಯಲ್ಲೇ ಇದೆ. ಉತ್ತರವನ್ನು ಮಕ್ಕಳೇ ಹೇಳಲಿ.

ಹಂತ 2: ಚಿಕ್ಕದು ಮಾಡಿ ನೋಡುವುದು (10 ನಿಮಿಷ)

ಆರು ತಂಡ ಕಷ್ಟವೆನಿಸಿದರೆ ನಾಲ್ಕಕ್ಕೆ ಇಳಿಸಿ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಕಸಬಾ, ಬಿ.ದುರ್ಗ, ರಾಮಗಿರಿ, ತಾಳ್ಯ ಎಂಬ ನಾಲ್ಕು ಹೋಬಳಿಗಳಿವೆ. ಹೋಬಳಿ ಮಟ್ಟದ ಕ್ರೀಡಾಕೂಟ ಮಕ್ಕಳಿಗೆ ಹೊಸದಲ್ಲ. ನಾಲ್ವರನ್ನು ಮುಂದೆ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದು ಹೋಬಳಿಯ ಹೆಸರು ಕೊಡಿ. ಕಸಬಾ ಉಳಿದ ಮೂವರ ಕೈ ಕುಲುಕಲಿ: 3 ಪಂದ್ಯ. ಬಿ.ದುರ್ಗಕ್ಕೆ ಇನ್ನು ಉಳಿದವರು ರಾಮಗಿರಿ ಮತ್ತು ತಾಳ್ಯ: 2 ಪಂದ್ಯ. ರಾಮಗಿರಿಗೆ ತಾಳ್ಯ: 1 ಪಂದ್ಯ. ತಾಳ್ಯದ ಸರದಿ ಬಂದಾಗ ಅದು ಎಲ್ಲರೊಂದಿಗೂ ಆಡಿ ಮುಗಿಸಿರುತ್ತದೆ. 3 + 2 + 1 = 6.

ಒಂದು ಮಗು "4 × 3 = 12" ಎಂದರೆ ತಪ್ಪು ಎನ್ನಬೇಡಿ. ಹನ್ನೆರಡನ್ನೂ ಹಲಗೆಯ ಮೇಲೆ ಬರೆಯಲು ಹೇಳಿ. "ಕಸಬಾ–ಬಿ.ದುರ್ಗ" ಬರೆದ ಕೈ "ಬಿ.ದುರ್ಗ–ಕಸಬಾ" ಬರೆಯುವಾಗ ತಾನಾಗಿಯೇ ನಿಲ್ಲುತ್ತದೆ. ಎರಡರಿಂದ ಏಕೆ ಭಾಗಿಸಬೇಕೆಂದು ಆ ಮಗುವಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಹಂತ 3: ಮೂಲ ಸಮಸ್ಯೆಗೆ ಮರಳುವುದು (8 ನಿಮಿಷ)

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು. ಮಕ್ಕಳು ಜೋಡಿಯಾಗಿ ಕುಳಿತು ಬಿಡಿಸಲಿ. ಕೆಲವರು 5 + 4 + 3 + 2 + 1 = 15 ಎನ್ನುತ್ತಾರೆ, ಕೆಲವರು 6 × 5 ÷ 2 = 15 ಎನ್ನುತ್ತಾರೆ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಎರಡು ದಾರಿಯೂ ಒಂದೇ ಊರಿಗೆ ಏಕೆ ಬಂದವು ಎಂಬುದನ್ನು ತರಗತಿ ಚರ್ಚಿಸಲಿ.

ಹಂತ 4: ತಪ್ಪು ಆಯ್ಕೆಗಳ ವಿಚಾರಣೆ (7 ನಿಮಿಷ)

ಆಯ್ಕೆಗಳನ್ನು ಈಗ ಬರೆಯಿರಿ. "36 ಎಂದವರು ಹೇಗೆ ಯೋಚಿಸಿರಬಹುದು?" 6 × 6: ತಂಡವೊಂದು ತನ್ನೊಂದಿಗೇ ಆಡಿದೆ! 30 ಎಂದವರು ಪ್ರತಿ ಪಂದ್ಯವನ್ನು ಎರಡು ಸಲ ಎಣಿಸಿದ್ದಾರೆ. 21 ಎಂದವರು 5ರ ಬದಲು 6ರಿಂದ ಕೂಡಲು ತೊಡಗಿದ್ದಾರೆ. ಪ್ರಶ್ನೆ ತಯಾರಿಸುವವರು ತಪ್ಪು ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಇಡುವುದಿಲ್ಲ. ಮಕ್ಕಳು ಸಹಜವಾಗಿ ಮಾಡುವ ತಪ್ಪುಗಳಿಂದಲೇ ಆರಿಸುತ್ತಾರೆ. ಇದು ಗೊತ್ತಾದ ಮಗು ಉತ್ತರವನ್ನು ಊಹಿಸುವ ಬದಲು ಪರೀಕ್ಷಿಸುತ್ತದೆ.

ಹಂತ 5: ಹಿಂದಿರುಗಿ ನೋಡುವುದು (10 ನಿಮಿಷ)

ಸಮಸ್ಯೆ ಬಿಡಿಸುವ ನಾಲ್ಕು ಹಂತಗಳನ್ನು ಹೇಳಿದ ಜಾರ್ಜ್ ಪೋಲ್ಯಾ (1945) ಕೊನೆಯದಾಗಿ ಇಟ್ಟದ್ದು ಇದನ್ನೇ. ಅಭ್ಯಾಸ ಬೋಧನೆಯಲ್ಲಿ ಗಂಟೆ ಹೊಡೆಯಿತೆಂದು ಮೊದಲು ಬಿಟ್ಟುಹೋಗುವುದೂ ಇದೇ. ಎರಡು ಪ್ರಶ್ನೆ ಕೇಳಿ.

ಒಂದು: ಅದೇ ಆರು ತಂಡಗಳು ನಾಕೌಟ್ ಆಡಿದರೆ ಪಂದ್ಯಗಳೆಷ್ಟು? ಇಲ್ಲಿ ಸೂತ್ರ ಉಪಯೋಗಕ್ಕೆ ಬರುವುದಿಲ್ಲ. ಪ್ರತಿ ಪಂದ್ಯದಲ್ಲೂ ಒಂದು ತಂಡ ಹೊರಗೆ ಹೋಗುತ್ತದೆ. ಕೊನೆಗೆ ಒಂದೇ ತಂಡ ಉಳಿಯಬೇಕಾದರೆ ಐದು ತಂಡ ಹೊರಹೋಗಬೇಕು. ಆದ್ದರಿಂದ 5 ಪಂದ್ಯ.

ಎರಡು: ಷಡ್ಭುಜಕ್ಕೆ ಎಷ್ಟು ಕರ್ಣಗಳು? ಆರು ಶೃಂಗಗಳೇ ಆರು ತಂಡಗಳು. ಜೋಡಿಸುವ ರೇಖೆಗಳು 15, ಅವುಗಳಲ್ಲಿ 6 ಬಾಹುಗಳು, ಉಳಿದ 9 ಕರ್ಣಗಳು. ಕಬಡ್ಡಿ ಮೈದಾನದಲ್ಲಿ ಮಾಡಿದ ಎಣಿಕೆ ರೇಖಾಗಣಿತದಲ್ಲೂ ಬಂತೆಂದು ಕಂಡ ಮಗುವಿಗೆ ಮುಂದೆ ಇಂಥ ಪ್ರಶ್ನೆ ಯಾವ ವೇಷದಲ್ಲಿ ಬಂದರೂ ಗುರುತು ಸಿಗುತ್ತದೆ.

ಸಮಯವಿದ್ದರೆ, ಗುಂಪಿನಿಂದ ಕೆಲವನ್ನು ಆರಿಸುವ ಇಂಥ ಎಣಿಕೆಗೆ ಸಾಮಾನ್ಯ ನಿಯಮವನ್ನು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆಂದು ತಿಳಿಸಿ. ಇದು ಈ ನೆಲಕ್ಕೆ ಹೊಸ ಗಣಿತವಲ್ಲ.

ಮೌಲ್ಯಮಾಪನ ಮತ್ತು ಮನೆಗೆಲಸ

1. ಕರ್ನಾಟಕದ 31 ಜಿಲ್ಲೆಗಳ ತಂಡಗಳಿಗೆ ಲೀಗ್ ಆದರೆ ಎಷ್ಟು ಪಂದ್ಯ, ನಾಕೌಟ್ ಆದರೆ ಎಷ್ಟು? (465, 30)
2. ಇದೇ ಬಗೆಯ ಒಂದು ಪ್ರಶ್ನೆ ನೀವೇ ಮಾಡಿ, ನಾಲ್ಕು ಆಯ್ಕೆ ಕೊಡಿ. ಪ್ರತಿ ತಪ್ಪು ಆಯ್ಕೆಯ ಹಿಂದೆ ಯಾವ ತಪ್ಪು ಯೋಚನೆ ಇದೆ ಎಂದು ಬರೆಯಿರಿ.

ವೀಕ್ಷಕರಿಗೆ

ಶಾಲೆಗಳಲ್ಲಿ ಸ್ಪರ್ಧಾ ಪರೀಕ್ಷೆಯ ತಯಾರಿ ಎಂದರೆ ಮುಂದಿನ ಬೆಂಚಿನ ಐದಾರು ಮಕ್ಕಳನ್ನು ಬೇರೆ ಕೂರಿಸುವುದು ಎಂದಾಗಿಬಿಡುತ್ತದೆ. ವಿದ್ಯಾರ್ಥಿವೇತನ ಕೆಲವರಿಗೇ ಸಿಗಬಹುದು. ಆದರೆ ಚಿಕ್ಕದು ಮಾಡಿ ನೋಡುವುದು, ಎರಡು ಸಲ ಎಣಿಸಿದ್ದೇವೆಯೇ ಎಂದು ತಡೆದು ನೋಡುವುದು ಎಲ್ಲ ಮಕ್ಕಳಿಗೂ ಸಿಗಬೇಕು. ಆದ್ದರಿಂದ ಟೀಕಾ ಪಾಠ ನೋಡುವಾಗ ಮೂರು ಅಂಶ ಬರೆದುಕೊಳ್ಳಿ: ಸೂತ್ರ ಹಲಗೆಗೆ ಬಂದದ್ದು ಎಷ್ಟನೇ ನಿಮಿಷಕ್ಕೆ? ತಪ್ಪು ಉತ್ತರ ಕೊಟ್ಟ ಮಗುವಿಗೆ ಎರಡನೇ ಪ್ರಶ್ನೆ ಕೇಳಲಾಯಿತೇ? ಹಿಂದಿನ ಬೆಂಚಿನ ಎಷ್ಟು ಮಕ್ಕಳು ಹಲಗೆಯ ಬಳಿ ಬಂದರು? ಪಾಠದ ನಂತರದ ಚರ್ಚೆಯನ್ನು ಮೂರನೆಯ ಅಂಶದಿಂದಲೇ ಆರಂಭಿಸಿ.