ಸವೆದ ಮಂಡಿ, ಗಟ್ಟಿ ತೊಡೆ

ಮಂಡಿ ಸವೆದಿದೆ ಎಂದು ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಮೆಂತ್ಯ ನೆನೆಸಿ ತಿನ್ನಿ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ, ಲಕ್ಕಿ ಸೊಪ್ಪು ಕುದಿಸಿದ ನೀರಿನ ಶಾಖ ಕೊಡಿ. ಮೂವತ್ತು ವರ್ಷ ನಿಂತೇ ಪಾಠ ಮಾಡಿದ ಮೇಡಂ ಮೇಲಿನ ಪ್ರೀತಿ ಅದು. ಅದರಲ್ಲಿ ಕೆಲವನ್ನು ಉಳಿಸಿಕೊಂಡೆ, ಕೆಲವನ್ನು ಬಿಟ್ಟೆ.

ಉಳಿದದ್ದು ಶಾಖ. ಬೆಳಗ್ಗೆ ಏಳುವಾಗ ಮಂಡಿ ಹಿಡಿದುಕೊಂಡಿರುತ್ತದೆ. ಎಳ್ಳೆಣ್ಣೆ ಉಗುರುಬೆಚ್ಚಗೆ ಮಾಡಿ ಸವರಿ, ಬಿಸಿನೀರಿನ ಬ್ಯಾಗನ್ನು ಟವೆಲ್‌ನಲ್ಲಿ ಸುತ್ತಿ ಒಂದು ಹದಿನೈದು ನಿಮಿಷ ಇಟ್ಟರೆ ಸಡಿಲವಾಗುತ್ತದೆ. ಸವೆದದ್ದು ಇದರಿಂದ ಮತ್ತೆ ಬೆಳೆಯುವುದಿಲ್ಲ, ಆದರೆ ಅಡುಗೆಮನೆಯವರೆಗೆ ನಡೆಯಬಹುದು. ಮಂಡಿ ಊದಿ ಬಿಸಿಯಾದ ದಿನ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಹಿತ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರು ಬ್ಯಾಗಿನ ಬಿಸಿಯನ್ನು ಮನೆಯವರಿಂದ ಮುಟ್ಟಿಸಿ ನೋಡಿಕೊಳ್ಳಲಿ; ಸುಟ್ಟರೂ ಗೊತ್ತಾಗುವುದಿಲ್ಲ. ಎಕ್ಕದ ಎಲೆ ಬಿಟ್ಟೆ, ಅದರ ಹಾಲು ಚರ್ಮ ಕೆಡಿಸುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ.

ಮಾತ್ರೆಯ ವಿಷಯದಲ್ಲಿ ಎಲ್ಲರಲ್ಲೂ ನನ್ನ ಬೇಡಿಕೆ ಒಂದೇ: ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ, ಇಲ್ಲವೇ ಮಕ್ಕಳಿಂದ ಓದಿಸಿ. ಮೆಡಿಕಲ್ ಶಾಪಿನಲ್ಲಿ ನೋವಿಗೆ ಕೊಡುವ ಅನೇಕ ಮಾತ್ರೆಗಳಲ್ಲಿ ಅಸಿಕ್ಲೋಫೆನಾಕ್ 100 ಮಿಲಿಗ್ರಾಂ ಜೊತೆ ಪ್ಯಾರಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಅದರ ಮೇಲೆ ಜ್ವರಕ್ಕೆಂದು ಡೋಲೋ 650 ನುಂಗಿದರೆ ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆ ಸೇರಿತು. ಆರೋಗ್ಯವಂತರಿಗೂ ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ವಯಸ್ಸಾದವರಿಗೆ, ಸಣಕಲು ಮೈಯವರಿಗೆ, ಲಿವರ್ ತೊಂದರೆಯವರಿಗೆ ಡಾಕ್ಟರು ಇನ್ನೂ ಕಡಿಮೆ ಹೇಳುತ್ತಾರೆ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಒಂದೇ ಗುಂಪಿನವು. ಹೊಟ್ಟೆಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ. ನನಗೆ ಬಿಪಿ ಇದೆ. ಟೆಲ್ಮಿಸಾರ್ಟನ್, ಅದರ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ, ಮೇಲೊಂದು ನೋವಿನ ಮಾತ್ರೆ, ಈ ಮೂರೂ ಕೂಡಿದರೆ ಕಿಡ್ನಿಗೆ ಪೆಟ್ಟು ಎಂದು ನಮ್ಮ ಡಾಕ್ಟರು ಬಿಡಿಸಿ ಹೇಳಿದರು.

ಹಾಗಾಗಿ ನನಗೆ ಬರೆದುಕೊಟ್ಟದ್ದು ಡೈಕ್ಲೋಫೆನಾಕ್ ಜೆಲ್. ಹಚ್ಚಿದ್ದರಲ್ಲಿ ರಕ್ತಕ್ಕೆ ಸೇರುವುದು ಮಾತ್ರೆಗಿಂತ ತೀರಾ ಕಡಿಮೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ ಮಂಡಿ ಸವೆತಕ್ಕೆ ಮಾತ್ರೆಗಿಂತ ಮೊದಲು ಹಚ್ಚುವ ಔಷಧವನ್ನೇ ಸೂಚಿಸುತ್ತದೆ. ಜೆಲ್ ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದು. ಹಾಗಾಗಿ ಶಾಖ ಬೆಳಗ್ಗೆ, ಜೆಲ್ ಆಮೇಲೆ.

ಇನ್ನು ಹೆಸರಿಲ್ಲದ ಪೊಟ್ಟಣದ ಪುಡಿಗಳು. ಸಂಬಂಧಿಕರೊಬ್ಬರಿಗೆ ಅಂಥ ಪುಡಿಯಿಂದ ವಾರದೊಳಗೆ ನೋವು ಮಾಯವಾಯಿತು. ಆಮೇಲೆ ಮುಖ ಊದಿತು, ಸಕ್ಕರೆ ಏರಿತು. ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬೇಕು ಎಂದರು ಡಾಕ್ಟರು. ತಿಂಗಳುಗಟ್ಟಲೆ ತಿಂದವರು ಹೆದರಿ ತಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲಕ್ಕಿಂತ ನನ್ನನ್ನು ನಡೆಸುತ್ತಿರುವುದು ತೊಡೆ. ಮಂಡಿಯ ಭಾರ ಹೊರುವುದು ಅದರ ಮುಂಭಾಗದ ಸ್ನಾಯು. ನೋವಿಗೆ ಹೆದರಿ ಕೂತರೆ ಅದು ಸೊರಗುತ್ತದೆ, ಸೊರಗಿದಷ್ಟೂ ನೋವು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ, ಮೆಲ್ಲಗೆ ಇಳಿಸುವುದು. ಟಿವಿ ನೋಡುತ್ತಲೂ ಮಾಡಬಹುದು. ಮೊದಮೊದಲು ನೋಯಿತು, ಫಲ ಕಾಣಲು ಕೆಲವು ತಿಂಗಳು ಹಿಡಿಯಿತು, ಈಗ ಮೆಟ್ಟಿಲು ಹತ್ತುತ್ತೇನೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಅಮೆರಿಕದ ಸಂಶೋಧಕರು ಅಳೆದಿದ್ದಾರೆ. ರಾತ್ರಿಯ ಅನ್ನ ಕಡಿಮೆ ಮಾಡಲು ಆ ಲೆಕ್ಕ ನನಗೆ ಸಾಕಾಯಿತು.

ತರಕಾರಿ ಹೆಚ್ಚುವುದು ಈಗ ನೆಲದ ಮೇಲಲ್ಲ, ಮೇಜಿನ ಮೇಲೆ. ದೂರ ನಡೆಯುವಾಗ ಕೋಲು. ಅದನ್ನು ನೋಯುವ ಕಾಲಿನ ಕಡೆ ಹಿಡಿಯಬಾರದು. ಬಲ ಮಂಡಿ ನೋಯುವ ನಾನು ಎಡಗೈಯಲ್ಲಿ ಹಿಡಿಯುತ್ತೇನೆ, ಬಲಗಾಲಿನ ಜೊತೆಗೇ ಮುಂದಿಡುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಕುಂಟುವ ಕಾಲಿನ ಕಡೆಗೇ ಕೋಲು ಊರಿ ನಡೆಯುವವರನ್ನು ಕಂಡರೆ, ಪರಿಚಯವಿಲ್ಲದಿದ್ದರೂ ಹತ್ತಿರ ಹೋಗಿ ಹೇಳಿಬಿಡುತ್ತೇನೆ.